ಮೂರು ಕಿಲೋ ಅಕ್ಕಿಗೆ 4,84,848 ರೂಪಾಯಿ: ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು?

ಪ್ರಶ್ನೆ: ನಾನು ಹಾವೇರಿ ಕಡೆಯವಳು, ಬಿಕಾಂ ಕೊನೇ ವರ್ಷ. ಹತ್ತನೇ ತರಗತಿ ತನಕ ಕನ್ನಡ ಮೀಡಿಯಂ. ಪ್ರೋಗ್ರಾಮಿಂಗ್ ಕಲಿಯುವ ಆಸೆ ಇದೆ. ಸೋದರಮಾವ ಜಾವಾ ಕಲಿ, ಕೆಲಸ ಸಿಗೋದು ಅದಕ್ಕೇ ಅನ್ನುತ್ತಾರೆ. ಇಂಜಿನಿಯರಿಂಗ್ ಓದುವ ಗೆಳತಿ, ಸಿ ಬರದಿದ್ದರೆ ಬುನಾದಿಯೇ ಇಲ್ಲ ಅನ್ನುತ್ತಾಳೆ. ಯೂಟ್ಯೂಬ್ ತುಂಬಾ ಪೈಥಾನ್. ಒಂದು ಕೋಚಿಂಗ್ ಸೆಂಟರ್‌ನವರು ಫುಲ್ ಸ್ಟ್ಯಾಕ್ (ವೆಬ್‌ಸೈಟಿನ ಮುಂದಿನ, ಹಿಂದಿನ ಭಾಗ ಎರಡೂ ಕಲಿಸುವ) ಕೋರ್ಸಿಗೆ 45 ಸಾವಿರ ಕೇಳುತ್ತಿದ್ದಾರೆ, ಈ ತಿಂಗಳೇ ಅಡ್ವಾನ್ಸ್ ಕೊಟ್ಟರೆ ಡಿಸ್ಕೌಂಟ್ ಅಂತೆ. ನನ್ನ ಹತ್ತಿರ ಇರೋದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್. ಅಪ್ಪನದು ಕಿರಾಣಿ ಅಂಗಡಿ. ಎಐ ಬಂದ ಮೇಲೆ ಇದೆಲ್ಲ ದಂಡ ಅಂತ ತಮ್ಮ ನಗುತ್ತಾನೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಪೈಥಾನ್‌ನಿಂದ ಶುರು ಮಾಡಿ. ಅಷ್ಟು ಸಾಕು ಅಂದರೆ ಓದೋದು ಇಲ್ಲಿಗೇ ನಿಲ್ಲಿಸಿ ಲ್ಯಾಪ್‌ಟಾಪ್ ತೆಗೆಯಬಹುದು. ಆದರೆ ಮುಂದಿನ ಹಬ್ಬಕ್ಕೆ ಸೋದರಮಾವ ಬಂದು ಮತ್ತೆ ಜಾವಾ ಅಂದಾಗ ನಿಮ್ಮ ಹತ್ತಿರ ಒಂದು ಕಾರಣ ಇರಬೇಕು ಅಲ್ವಾ? ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾವ ಭಾಷೆ ಒಳ್ಳೆಯದು ಅಂತ ಯಾರನ್ನು ಕೇಳಿದರೂ, ಆ ಭಾಷೆಯಲ್ಲಿ ಏನೇನು ಮಾಡಬಹುದು ಅನ್ನುವ ಪಟ್ಟಿ ಕೊಡುತ್ತಾರೆ. ಬ್ಯಾಂಕಿನ ಸಾಫ್ಟ್‌ವೇರ್, ಗೇಮ್, ಮೊಬೈಲ್ ಆ್ಯಪ್. ಮೊದಲ ಮೂರು ತಿಂಗಳು ನೀವು ಇದ್ಯಾವುದನ್ನೂ ಮಾಡೋದಿಲ್ಲ. ಮಾಡೋದು ತಪ್ಪು. ದಿನಕ್ಕೆ ಮೂವತ್ತು, ನಲವತ್ತು ತಪ್ಪು. ಬ್ರಾಕೆಟ್ ಮುಚ್ಚೋದು ಮರೆತುಹೋಗುತ್ತದೆ, ಒಂದು ಕಡೆ ಬರೆದ ಸ್ಪೆಲಿಂಗ್ ಇನ್ನೊಂದು ಕಡೆ ಬೇರೆಯಾಗುತ್ತದೆ, ಗುಣಿಸುವ ಕಡೆ ಕೂಡಿಸಿರುತ್ತೀರಿ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿರುವ ನಾನೂ ಇದನ್ನೇ ಮಾಡುತ್ತೇನೆ, ಸ್ವಲ್ಪ ಬೇಗ ಕಂಡುಹಿಡಿಯುತ್ತೇನೆ ಅಷ್ಟೇ. ಹಾಗಾಗಿ ಹೊಸಬರಿಗೆ ಭಾಷೆ ಆರಿಸಿಕೊಡುವಾಗ ನಾನು ಮುಖ್ಯವಾಗಿ ನೋಡೋದು ಒಂದು ವಿಷಯ. ನೀವು ತಪ್ಪಿದಾಗ ಅದು ಏನು ಮಾಡುತ್ತದೆ? ಕರೆದು ಹೇಳುತ್ತದಾ, ಬಾಗಿಲಲ್ಲೇ ತಡೆಯುತ್ತದಾ, ಅಥವಾ ಸುಮ್ನೆ ತಪ್ಪು ಉತ್ತರ ಕೊಟ್ಟು ಕೂತುಬಿಡುತ್ತದಾ?

ನಿಮ್ಮ ಅಪ್ಪನ ಅಂಗಡಿಯನ್ನೇ ತಗೊಳ್ಳೋಣ. ಅಕ್ಕಿ ಕಿಲೋಗೆ 48 ರೂಪಾಯಿ, ಗಿರಾಕಿ ಮೂರು ಕಿಲೋ ಒಯ್ದರು. ಪೈಥಾನ್‌ನಲ್ಲಿ ಹೀಗೆ ಬರೆಯಬಹುದು:

ಬೆಲೆ = 48
ಕಿಲೋ = 3
ಒಟ್ಟು = ಬೆಲೆ * ಕಿಲೋ

ಆಮೇಲೆ ಒಟ್ಟು ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ 144 ಬರುತ್ತದೆ. ಇದು ನಿಮಗೆ ಅರ್ಥವಾಗಲಿ ಅಂತ ಕನ್ನಡಕ್ಕೆ ತಿರುಗಿಸಿದ್ದಲ್ಲ, ಪೈಥಾನ್ 3ರಲ್ಲಿ ಇದೇ ಮೂರು ಸಾಲು ಹೀಗೇ ಓಡುತ್ತವೆ. ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು. ಕೆಲಸಕ್ಕೆ ಸೇರಿದ ಮೇಲೆ ಯಾರೂ ಹೀಗೆ ಬರೆಯೋದಿಲ್ಲ, ಆದರೆ ಮೊದಲ ಹದಿನೈದು ದಿನ ಬರೆದರೆ ನಷ್ಟವೇನೂ ಇಲ್ಲ. ತಲೆ ಇಂಗ್ಲಿಷ್ ಕಡೆ ಹೋಗದೆ ಲೆಕ್ಕದ ಕಡೆ ಇರುತ್ತದೆ.

ಈಗ ಬೆಲೆಯನ್ನು ನಾವೇ ಬರೆದಿಡುವ ಬದಲು, ಪ್ರೋಗ್ರಾಮ್ ಓಡುವಾಗ ಕೀಬೋರ್ಡಿನಿಂದ ಕೇಳಿ ಪಡೆಯೋಣ ಅಂದುಕೊಳ್ಳಿ. ಅದಕ್ಕೆ ಇನ್‌ಪುಟ್ (input) ಅನ್ನುವ ಫಂಕ್ಷನ್ ಇದೆ, ಫಂಕ್ಷನ್ ಅಂದರೆ ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ತುಣುಕು. ನೀವು 48 ಅಂತ ಒತ್ತುತ್ತೀರಿ. ಬೆಲೆಯನ್ನು 3ರಿಂದ ಗುಣಿಸಿ ಅಂತ ಮೊದಲೇ ಹೇಳಿಟ್ಟಿದ್ದೀರಿ. ಉತ್ತರ 484848. ಮೂರು ಕಿಲೋ ಅಕ್ಕಿಗೆ ನಾಲ್ಕು ಲಕ್ಷದ ಎಂಬತ್ತನಾಲ್ಕು ಸಾವಿರ ಚಿಲ್ಲರೆ. ಗಿರಾಕಿ ಚೀಲ ಅಲ್ಲೇ ಬಿಟ್ಟು ಹೋಗುತ್ತಾರೆ.

ಆಗಿದ್ದು ಇಷ್ಟು. ಕೀಬೋರ್ಡಿನಿಂದ ಬಂದದ್ದೆಲ್ಲ ಪೈಥಾನ್‌ಗೆ ಅಕ್ಷರವೇ, ಅಂಕಿ ಒತ್ತಿದರೂ ಅಷ್ಟೇ. ಅಕ್ಷರವನ್ನು ಮೂರರಿಂದ ಗುಣಿಸು ಅಂದರೆ ಅದು ಮೂರು ಸಲ ಒತ್ತೊತ್ತಾಗಿ ಬರೆದುಕೊಡುತ್ತದೆ. ಆ 48ನ್ನು ಇಂಟ್ (int) ಅನ್ನುವ ಫಂಕ್ಷನ್ ಒಳಗೆ ಹಾಕಿದರೆ ಅದು ಸಂಖ್ಯೆಯಾಗುತ್ತದೆ, ಉತ್ತರ 144ಕ್ಕೆ ಬರುತ್ತದೆ. (ಗಿರಾಕಿ ೪೮ ಅಂತ ಕನ್ನಡ ಅಂಕಿಯಲ್ಲೇ ಟೈಪ್ ಮಾಡಿದರೂ ಇಂಟ್ ಅದನ್ನು ಸರಿಯಾಗಿ ಓದಿಕೊಳ್ಳುತ್ತದೆ, ಮಾಡಿ ನೋಡಿ. ಇದು ಎಷ್ಟೋ ವರ್ಷ ಪೈಥಾನ್ ಬರೆದವರಿಗೂ ಗೊತ್ತಿರೋದಿಲ್ಲ.)

ಇಲ್ಲಿ ಪೈಥಾನ್ ಕೂಡ ಸುಮ್ಮನಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಗುಣಾಕಾರದಲ್ಲಿ ಸುಮ್ಮನಿತ್ತು. ಆದರೆ ಉತ್ತರ ಎಷ್ಟು ವಿಚಿತ್ರವಾಗಿ ಬಂತೆಂದರೆ ಕಣ್ಣು ತಪ್ಪಿಸಿಕೊಳ್ಳೋಕೆ ಸಾಧ್ಯವಿಲ್ಲ. ಅದೇ ಅಕ್ಷರದ 48ಕ್ಕೆ 3ನ್ನು ಕೂಡಿಸು ಅನ್ನಿ, ತಕ್ಷಣ ನಿಲ್ಲುತ್ತದೆ. ಎಷ್ಟನೇ ಸಾಲು ಅಂತ ತೋರಿಸಿ, ಅಕ್ಷರಕ್ಕೆ ಅಕ್ಷರವನ್ನು ಮಾತ್ರ ಜೋಡಿಸಬಲ್ಲೆ, ಸಂಖ್ಯೆಯನ್ನಲ್ಲ ಅನ್ನುವ ಅರ್ಥದ ಒಂದು ವಾಕ್ಯ ಕೊಡುತ್ತದೆ.

ಇದೇ ತಪ್ಪನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿ. ಅದಕ್ಕೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕ್ರೋಮ್‌ನಲ್ಲಿ ಎಫ್12 ಒತ್ತಿ ಕನ್ಸೋಲ್‌ಗೆ ಹೋದರೆ ಸಾಕು. ಅಕ್ಷರದ 48ನ್ನು ಮೂರರಿಂದ ಗುಣಿಸಿದರೆ 144 ಬರುತ್ತದೆ. ಭಲೇ ಅನ್ನಿಸುತ್ತದೆ. ಈಗ ಆ ಗಿರಾಕಿಯ ಹಳೇ ಉದ್ರಿ 200 ಇತ್ತು ಅಂತಿಟ್ಟುಕೊಳ್ಳಿ, ಅದು ಕೀಬೋರ್ಡಿನಿಂದ ಅಕ್ಷರವಾಗಿ ಬಂದಿದೆ. ಅದಕ್ಕೆ ಇವತ್ತಿನ 144 ಕೂಡಿಸಿ. 344 ಬರಬೇಕು. ಬರೋದು 200144. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಗುಣಿಸುವಾಗ ಅಕ್ಷರವನ್ನು ತಾನಾಗಿಯೇ ಸಂಖ್ಯೆ ಮಾಡಿಕೊಂಡಿತು, ಕೂಡಿಸುವಾಗ ಸಂಖ್ಯೆಯನ್ನು ಅಕ್ಷರ ಮಾಡಿಕೊಂಡಿತು. 10, 9, 1 ಈ ಮೂರನ್ನು ಕ್ರಮವಾಗಿ ಜೋಡಿಸು ಅಂದರೆ 1, 10, 9 ಅನ್ನುತ್ತದೆ, ಯಾಕೆಂದರೆ ಅಲ್ಲೂ ಅದು ಸಂಖ್ಯೆಗಳನ್ನು ಅಕ್ಷರದಂತೆ ನೋಡಿತು.

ಅದಕ್ಕೆ ಕಾರಣವೂ ಇದೆ. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತು ದಿನದಲ್ಲಿ ಮಾಡಿದರು. ತಪ್ಪನ್ನು ಹಿಡಿದು ನಿಭಾಯಿಸುವ ಟ್ರೈ, ಕ್ಯಾಚ್ ಅನ್ನುವ ಏರ್ಪಾಡು ಭಾಷೆಯ ಸ್ಟ್ಯಾಂಡರ್ಡ್‌ಗೆ ಬಂದಿದ್ದೇ 1999ರಲ್ಲಿ. ಹಾಗಿದ್ದಾಗ ಹೇಗಾದರೂ ಒಂದು ಉತ್ತರ ಕೊಟ್ಟು ಮುಂದೆ ಹೋಗುವ ಸ್ವಭಾವ ಬರೋದು ಸಹಜ. ಇವತ್ತಿಗೂ ವೆಬ್‌ಪುಟಕ್ಕೆ ಜೀವ ಬರಬೇಕಾದರೆ ಇದು ಬೇಕೇ ಬೇಕು, ನಾನೇ ದಿನಾ ಬರೆಯುತ್ತೇನೆ. ಬಟನ್ ಒತ್ತಿದ ತಕ್ಷಣ ಬಣ್ಣ ಬದಲಾಗೋದನ್ನು ನೋಡಿದರೇನೇ ಉತ್ಸಾಹ ಬರುವ ಜನ ಇರುತ್ತಾರೆ, ಅಂಥವರಿಗೆ ನಾನೇ ಜಾವಾಸ್ಕ್ರಿಪ್ಟ್ ಹೇಳುತ್ತೇನೆ. ಲೆಕ್ಕದ ಪುಸ್ತಕ ನೋಡಿ ಬೆಳೆದ ಬಿಕಾಂ ಹುಡುಗಿಗೆ ಹೇಳೋದಿಲ್ಲ.

ಇನ್ನು ಸೋದರಮಾವನ ಜಾವಾ. ಅದೂ 1995ರಲ್ಲೇ ಬಂದದ್ದು, ಸನ್ ಮೈಕ್ರೋಸಿಸ್ಟಮ್ಸ್‌ನ ಜೇಮ್ಸ್ ಗಾಸ್ಲಿಂಗ್ ಅವರದು. ಹೆಸರು ಒಂದೇ ಥರ ಇದ್ದರೂ ಜಾವಾಸ್ಕ್ರಿಪ್ಟ್‌ಗೂ ಇದಕ್ಕೂ ನೆಂಟಸ್ತನ ಇಲ್ಲ. ಸ್ವಭಾವ ಪೂರ್ತಿ ಉಲ್ಟಾ. ಅಕ್ಷರವನ್ನು ಮೂರರಿಂದ ಗುಣಿಸುವ ಸಾಲು ಬರೆದರೆ ಪ್ರೋಗ್ರಾಮ್ ಓಡೋಕೂ ಬಿಡೋದಿಲ್ಲ, ಬಾಗಿಲಲ್ಲೇ ನಿಲ್ಲಿಸುತ್ತದೆ. ದೊಡ್ಡ ತಂಡದಲ್ಲಿ ಐವತ್ತು ಜನ ಸೇರಿ ಬರೆಯುವಾಗ ಈ ಕಟ್ಟುನಿಟ್ಟು ವರ. ಹೊಸಬರಿಗೆ ಮಾತ್ರ, ಒಂದು ಸಾಲು ತೆರೆಯ ಮೇಲೆ ತರಬೇಕಾದರೂ ಕ್ಲಾಸ್, ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್, ಮೇನ್ ಅಂತ ಒಂದು ಮಂತ್ರ ಹೇಳಬೇಕಿತ್ತು. ಅರ್ಥ ಕೇಳಿದರೆ ‘ಈಗ ಹಾಗೇ ಬರಿ, ಮುಂದೆ ಗೊತ್ತಾಗುತ್ತೆ’ ಅನ್ನೋರು ಮೇಷ್ಟ್ರು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 25ರಲ್ಲಿ ಈ ಮಂತ್ರ ಬಹುಪಾಲು ಬೇಕಿಲ್ಲ. ಮೂವತ್ತು ವರ್ಷ ಆದ ಮೇಲೆ ಅವರಿಗೂ ಕರುಣೆ ಬಂತು ಅನ್ನಬೇಕು. ಆದರೆ ನಿಮ್ಮ ಕೈಗೆ ಸಿಗುವ ಪುಸ್ತಕ, ವಿಡಿಯೋ ಎಲ್ಲ ಹಳೇ ರೀತಿಯಲ್ಲೇ ಇರುತ್ತವೆ.

ಗೆಳತಿಯ ಸಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಕಲಿತ ಮೊದಲ ಭಾಷೆ ಅದೇ, ಮತ್ತು ಅವಳ ಮಾತಿನಲ್ಲಿ ಅರ್ಧ ಸತ್ಯ ಇದೆ.

ನಮ್ಮ ಕಾಲೇಜ್ ಲ್ಯಾಬಿನಲ್ಲಿ ಟರ್ಬೋ ಸಿ ಇತ್ತು, ಸಿ ಬರೆದು ಓಡಿಸುವ ಹಳೇ ಸಾಫ್ಟ್‌ವೇರ್. ನೀಲಿ ತೆರೆ, ಹಳದಿ ಅಕ್ಷರ. ಕಾಲೇಜಿನ ಹೆಸರು ಬೇಡ ಬಿಡಿ, ಅಂಥ ಲ್ಯಾಬ್ ಆಗ ಊರೂರಿಗೂ ಇದ್ದವು. ಎರಡು ಜನರ ಸಂಬಳ ಕೂಡಿಸುವ ಪ್ರೋಗ್ರಾಮ್ ಬರೆದೆ. ಒಬ್ಬರದು 20000, ಇನ್ನೊಬ್ಬರದು 15000. ಉತ್ತರ ಮೈನಸ್ 30536. ಎರಡು ಮಧ್ಯಾಹ್ನ ಆ ಮೈನಸ್ ಎಲ್ಲಿಂದ ಬಂತು ಅಂತ ಹುಡುಕಿದೆ. ಇಡೀ ಪ್ರೋಗ್ರಾಮ್‌ನಲ್ಲಿ ಮೈನಸ್ ಚಿಹ್ನೆಯೇ ಇರಲಿಲ್ಲ. ಲೆಕ್ಚರರ್ ಬಂದು ನೋಡಿ, ಸಣ್ಣ ನಂಬರ್ ಕೊಟ್ಟು ಔಟ್‌ಪುಟ್ ತೆಗೆದು ರೆಕಾರ್ಡ್ ಬರಿ ಅಂದರು. ಬರೆದೆ, ಸಹಿಯೂ ಬಿತ್ತು. ಯಾಕೆ ಅಂತ ಗೊತ್ತಾಗಿದ್ದು ಒಂದು ವರ್ಷ ಆದ ಮೇಲೆ. ಟರ್ಬೋ ಸಿಯಲ್ಲಿ ಒಂದು ಇಂಟ್‌ಗೆ, ಅಂದರೆ ಪೂರ್ಣಾಂಕಕ್ಕೆ, 16 ಬಿಟ್ ಜಾಗ ಮಾತ್ರ (ಬಿಟ್ ಅಂದರೆ 0 ಅಥವಾ 1 ಹಿಡಿಸುವ ಒಂದು ಮನೆ). ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 32767. ಅದನ್ನು ದಾಟಿದರೆ ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ಸುತ್ತು ಹೊಡೆದ ಹಾಗೆ ಆ ಕಡೆಯ ತುದಿಗೆ ಹೋಗಿ ಮೈನಸ್‌ನಿಂದ ಎಣಿಕೆ ಶುರುವಾಗುತ್ತದೆ. ಒಂದು ಪೂರ್ತಿ ಸುತ್ತು 65536, ಅದನ್ನು 35000ದಲ್ಲಿ ಕಳೆಯಿರಿ, ಅದೇ ಮೈನಸ್ 30536. ಇವತ್ತಿನ ಕಂಪೈಲರ್‌ಗಳಲ್ಲಿ (ನಾವು ಬರೆದದ್ದನ್ನು ಮಷೀನಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಆ ಮಿತಿ ಸಾಮಾನ್ಯವಾಗಿ 214 ಕೋಟಿ ದಾಟುತ್ತದೆ, ಆದರೆ ಸುತ್ತು ಹೊಡೆದಾಗ ಸಿ ಈಗಲೂ ತುಟಿ ಬಿಚ್ಚೋದಿಲ್ಲ. ಪೈಥಾನ್‌ನ ಇಂಟ್‌ಗೆ ಇಂಥ ಮಿತಿಯೇ ಇಲ್ಲ, ಕಂಪ್ಯೂಟರ್‌ನ ಮೆಮೊರಿ ಇರುವಷ್ಟು ಬೆಳೆಯುತ್ತದೆ.

ಸಿ ಕೆಟ್ಟ ಭಾಷೆ ಅಂತ ಇದರ ಅರ್ಥ ಅಲ್ಲ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಅದನ್ನು ಮಾಡಿದ್ದು ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಬರೆಯೋಕೆ. ಬರೆಯುವವರು ಅನುಭವಿಗಳು, ಮಷೀನು ಚಿಕ್ಕದು. ಪ್ರತಿ ಸಲ ಕೂಡಿಸುವಾಗಲೂ ‘ಹಿಡಿಸಿತಾ?’ ಅಂತ ಪರೀಕ್ಷೆ ಮಾಡುತ್ತಾ ಕೂತರೆ ಅಷ್ಟು ಸಮಯ ದಂಡ. ಪೈಥಾನ್ ಹುಟ್ಟಿದ ಮನೆಯೇ ಬೇರೆ. ಗೀಡೋ ವಾನ್ ರೋಸಮ್ ಆಮ್‌ಸ್ಟರ್‌ಡ್ಯಾಮ್‌ನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಬಿಸಿ ಅನ್ನುವ ಭಾಷೆಯ ತಂಡದಲ್ಲಿದ್ದವರು, ಆ ಎಬಿಸಿ ಮಾಡಿದ್ದೇ ಕಂಪ್ಯೂಟರ್ ಗೊತ್ತಿಲ್ಲದವರಿಗೆ ಕಲಿಸೋಕೆ. 1989ರ ಕ್ರಿಸ್‌ಮಸ್ ರಜೆಯಲ್ಲಿ ಸುಮ್ನೆ ಹವ್ಯಾಸಕ್ಕೆ ಅಂತ ಪೈಥಾನ್ ಶುರು ಮಾಡಿದರು, 1991ರಲ್ಲಿ ಹೊರಗೆ ಬಂತು. ಸಾಲಿನ ಶುರುವಿನಲ್ಲಿ ಜಾಗ ಬಿಟ್ಟು ಬರೆಯುವ ಪದ್ಧತಿ ಎಬಿಸಿಯಿಂದ ಬಂದದ್ದು. ಆ ಜಾಗ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಮೂರು ಸ್ಪೇಸ್ ಆದರೆ ಅದು ಜಗಳ ಮಾಡುತ್ತದೆ, ಮೊದಲ ವಾರ ಸಿಟ್ಟು ಬರುತ್ತದೆ. ಎರಡನೇ ವಾರ ಅಭ್ಯಾಸ ಆಗುತ್ತದೆ.

ಈಗ ಗೆಳತಿಯ ಅರ್ಧ ಸತ್ಯ. ತಿರುಗಿಸಿ ಓದಿದರೂ ಒಂದೇ ಇರುವ ಪದ ಕಂಡುಹಿಡಿಯುವ ಪ್ರೋಗ್ರಾಮ್ ಎಲ್ಲ ಕ್ಲಾಸಿನಲ್ಲೂ ಮಾಡಿಸುತ್ತಾರೆ. ಪದವನ್ನು ಹಿಂದುಮುಂದು ಮಾಡು, ಮೂಲದ ಜೊತೆ ಹೋಲಿಸು, ಅಷ್ಟೇ. ಪೈಥಾನ್‌ನಲ್ಲಿ ಅದಕ್ಕೆ ಗದಗ ಅಂತ ಕೊಡಿ. ಹೌದು ಅನ್ನುತ್ತದೆ. ವಿಕಟಕವಿ ಅಂತ ಕೊಡಿ. ಅಲ್ಲ ಅನ್ನುತ್ತದೆ! ತೆನಾಲಿ ರಾಮಕೃಷ್ಣನಿಗೇ ಅವಮಾನ. ಯಾಕೆಂದರೆ ನಮಗೆ ‘ವಿ’ ಒಂದು ಅಕ್ಷರ, ಯುನಿಕೋಡ್‌ಗೆ (ಎಲ್ಲ ಲಿಪಿಗಳ ಅಕ್ಷರಕ್ಕೂ ನಂಬರ್ ಕೊಡುವ ಪದ್ಧತಿ) ಅದು ಎರಡು: ‘ವ’ ಒಂದು, ಗುಡಿಸು ಇನ್ನೊಂದು. ಪದದ ಉದ್ದ ಕೇಳಿದರೆ ಪೈಥಾನ್ 7 ಅನ್ನುತ್ತದೆ, ನಾವು ಎಣಿಸಿದರೆ 5. ಹಿಂದುಮುಂದು ಮಾಡಿದಾಗ ಗುಡಿಸು ‘ವ’ಗಿಂತ ಮುಂದೆ ಬಂದು ಕೂರುತ್ತದೆ. ಗದಗಕ್ಕೆ ಗುಣಿತವೂ ಇಲ್ಲ, ಒತ್ತೂ ಇಲ್ಲ, ಹಾಗಾಗಿ ಬಚಾವ್.

ಇದೇ ಪ್ರೋಗ್ರಾಮನ್ನು ಮಾಮೂಲಿ ರೀತಿಯಲ್ಲಿ ಸಿಯಲ್ಲಿ ಬರೆದರೆ ಗದಗವೂ ಅಲ್ಲ ಅನ್ನಿಸಿಕೊಳ್ಳುತ್ತದೆ. ಅಲ್ಲಿ ಗದಗದ ಉದ್ದ ಕೇಳಿದರೆ 9 ಬರುತ್ತದೆ. ಯುನಿಕೋಡ್ ನಂಬರನ್ನು ಕಂಪ್ಯೂಟರಿನಲ್ಲಿ ಬರೆದಿಡುವ ರೀತಿಗೆ ಯುಟಿಎಫ್-8 ಅನ್ನುತ್ತಾರೆ, ಅದರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಬೈಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಸಿ ಎಣಿಸೋದು ಬೈಟನ್ನು. ಅಂದರೆ ಪೈಥಾನ್ ಮೇಲಿನ ಮಹಡಿಯಿಂದ ತೋರಿಸಿದ್ದನ್ನು ಸಿ ನೆಲಮಾಳಿಗೆಯಿಂದ ತೋರಿಸುತ್ತದೆ. ‘ಯಾಕೆ ಏಳು? ಯಾಕೆ ಒಂಬತ್ತು?’ ಅನ್ನುವ ಕುತೂಹಲ ನಿಮಗೆ ಹುಟ್ಟಿದ ದಿನ ಸಿ ಕಲಿಯಿರಿ, ಒಂದು ತಿಂಗಳಲ್ಲಿ ತಲೆಗೆ ಹತ್ತುತ್ತದೆ. ಕುತೂಹಲ ಹುಟ್ಟುವ ಮುಂಚೆ ಕಲಿತರೆ ನನ್ನ ಹಾಗೆ ಸಣ್ಣ ನಂಬರ್ ಕೊಟ್ಟು ರೆಕಾರ್ಡ್ ಬರೆಯುತ್ತೀರಿ. ಗೆಳತಿಗೆ ಸೆಮಿಸ್ಟರ್ ಪರೀಕ್ಷೆ ಇದೆ, ಅವಳಿಗೆ ಬೇರೆ ದಾರಿ ಇಲ್ಲ. ನಿಮಗೆ ಇದೆ.

ಕನ್ನಡ ಮೀಡಿಯಂ ಅನ್ನೋದನ್ನು ನೀವು ಬರೆದ ರೀತಿ ನೋಡಿದರೆ ಅದೇ ದೊಡ್ಡ ಅಳುಕು ಇದ್ದ ಹಾಗಿದೆ. ಪೈಥಾನ್‌ನಲ್ಲಿ ಕಡ್ಡಾಯವಾಗಿ ಕಾದಿಟ್ಟ ಇಂಗ್ಲಿಷ್ ಪದಗಳು ಬರೀ 35. ಇಫ್, ಎಲ್ಸ್, ಫಾರ್, ವೈಲ್ ಇಂಥವು. ಅದರಲ್ಲೂ ಮೊದಲ ತಿಂಗಳು ಕೈಗೆ ಬರೋದು ಹತ್ತೋ ಹನ್ನೆರಡೋ. ನಿಜವಾದ ಇಂಗ್ಲಿಷ್ ಕೆಲಸ ಇರೋದು ಎರರ್ ಓದುವುದರಲ್ಲಿ. ಕೆಂಪಗೆ ಏಳೆಂಟು ಸಾಲು ಬಂದಾಗ ಎಲ್ಲರೂ ಮೇಲಿನಿಂದ ಓದೋಕೆ ಹೋಗಿ ಹೆದರುತ್ತಾರೆ. ಪೈಥಾನ್ ಎರರ್ ಅನ್ನು ಕೆಳಗಿನಿಂದ ಓದಬೇಕು. ಕೊನೇ ಸಾಲಿನಲ್ಲಿ ಏನಾಯಿತು ಅಂತ ಇರುತ್ತದೆ, ಅದರ ಮೇಲೆ ಎಲ್ಲಿ ಆಯಿತು ಅಂತ. ಒಂದು ನೋಟ್‌ಬುಕ್ ಇಟ್ಟು, ಬಂದ ಎರರ್‌ನ ಕೊನೇ ಸಾಲು ಬರೆದು ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆಯಿರಿ. ಬಂದದ್ದೇ ಮತ್ತೆ ಮತ್ತೆ ಬರುತ್ತವೆ, ಇಪ್ಪತ್ತು ಆಗುವಷ್ಟರಲ್ಲಿ ಹೊಸದು ಅಪರೂಪ ಆಗಿರುತ್ತದೆ.

ತಮ್ಮನ ನಗುವಿಗೆ ಉತ್ತರ ಆ 200144ರಲ್ಲೇ ಇದೆ. ಎಐಗೆ ಉದ್ರಿ ಲೆಕ್ಕದ ಪ್ರೋಗ್ರಾಮ್ ಬರೆದುಕೊಡು ಅಂದರೆ ಅರ್ಧ ನಿಮಿಷದಲ್ಲಿ ಬರೆದುಕೊಡುತ್ತದೆ, ಎಷ್ಟೋ ಸಲ ಚೆನ್ನಾಗಿಯೇ ಬರೆಯುತ್ತದೆ. ಅದರಲ್ಲಿ ಎಲ್ಲೋ ಒಂದು ಕಡೆ ಅಕ್ಷರ, ಸಂಖ್ಯೆ ಬೆರೆತುಹೋಗಿದ್ದರೆ ನೋಡಿದ ತಕ್ಷಣ ‘ಹೋ, ಇದು ಅದೇ’ ಅನ್ನೋಕೆ ಒಬ್ಬರು ಬೇಕಲ್ಲ, ಆ ಒಬ್ಬರಿಗೆ ಆ ತಪ್ಪನ್ನು ತಾವೇ ಹತ್ತು ಸಲ ಮಾಡಿದ ಅನುಭವ ಇರಬೇಕು. ಮೊದಲ ಎರಡು ತಿಂಗಳು ಎಐ ಹತ್ತಿರ ಒಂದೇ ಪ್ರಶ್ನೆ ಕೇಳಿ: ಈ ಎರರ್ ಏನು ಹೇಳುತ್ತಿದೆ, ಕನ್ನಡದಲ್ಲಿ ತಿಳಿಸು. ಅದಕ್ಕೆ ಅದು ಒಳ್ಳೆಯ ಮೇಷ್ಟ್ರು. ಬರೆಯುವ ಕೆಲಸ ಮಾತ್ರ ಕೊಡಬೇಡಿ.

ಕೆಲಸದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಬರೀ ಪೈಥಾನ್ ಬರುತ್ತದೆ ಅಂತ ಯಾರೂ ಕರೆದು ಕೆಲಸ ಕೊಡೋದಿಲ್ಲ, ಬರೀ ಜಾವಾ ಬರುತ್ತದೆ ಅಂತಲೂ ಕೊಡೋದಿಲ್ಲ. ಆದರೆ ನಿಮ್ಮ ಹತ್ತಿರ ಇಂಜಿನಿಯರಿಂಗ್ ಹುಡುಗರ ಹತ್ತಿರ ಇಲ್ಲದ್ದು ಒಂದಿದೆ, ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಗೊತ್ತು. ಅದರ ಜೊತೆಗೆ ಎಕ್ಸೆಲ್ ಚೆನ್ನಾಗಿರಲಿ, ಪೈಥಾನ್ ಕೈಗೆ ಬರಲಿ, ನಾಲ್ಕೈದು ತಿಂಗಳಾದ ಮೇಲೆ ಎಸ್‌ಕ್ಯೂಎಲ್ ಸೇರಿಸಿ, ಅದು ಡೇಟಾಬೇಸಿನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ. ಆಡಿಟ್ ಆಫೀಸು, ಎಂಐಎಸ್ (ಕಂಪನಿಯ ಅಂಕಿಅಂಶದ ವರದಿ ತಯಾರಿಸುವ ಕೆಲಸ), ಡೇಟಾ ಅನಲಿಸ್ಟ್ ಈ ಕಡೆ ಈ ಮೂರೂ ಸೇರಿದವರಿಗೆ ಬೆಲೆ ಇದೆ. ಎಸ್‌ಕ್ಯೂಎಲ್ ಅಭ್ಯಾಸಕ್ಕೆ ಬೇರೆ ಸಾಫ್ಟ್‌ವೇರ್ ಹುಡುಕಬೇಕಿಲ್ಲ, ಪೈಥಾನ್ ಜೊತೆಗೇ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಬಂದಿರುತ್ತದೆ. ಮುಂದೆ ಯಾವುದೋ ಕಂಪನಿ ಜಾವಾ ಬೇಕು ಅಂದರೆ ಆಗ ಕಲಿಯಿರಿ. ದೊಡ್ಡ ಸೈಕಲ್‌ನಲ್ಲಿ ಬಾರಿನ ಕೆಳಗಿಂದ ಕಾಲು ತೂರಿಸಿ ಬ್ಯಾಲೆನ್ಸ್ ಕಲಿತವರು ಆಮೇಲೆ ಸ್ಕೂಟಿ ಹತ್ತುವಾಗ ಬ್ಯಾಲೆನ್ಸ್ ಮತ್ತೆ ಕಲಿಯಬೇಕಿರಲಿಲ್ಲ.

ಮಾಡಿ ಕಲಿಯೋಕೆ ಉದ್ರಿ ಪುಸ್ತಕಕ್ಕಿಂತ ಒಳ್ಳೆಯದು ನನಗೆ ಹೊಳೆಯುತ್ತಿಲ್ಲ. ಮೊದಲ ವಾರ ಒಬ್ಬರೇ ಗಿರಾಕಿ, ಒಂದೇ ಲೆಕ್ಕ. ಆಮೇಲೆ ಹತ್ತು ಗಿರಾಕಿಗಳ ಪಟ್ಟಿ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ತೆಗೆದರೂ ಬಾಕಿ ಅಳಿಸಿಹೋಗದ ಹಾಗೆ ಫೈಲಿಗೆ ಬರೆಯೋದು. ಆಮೇಲೆ ಐನೂರಕ್ಕಿಂತ ಜಾಸ್ತಿ ಬಾಕಿ ಇರುವವರು ಯಾರು ಅಂತ ತೆಗೆಯೋದು. ಅಪ್ಪ ಪುಸ್ತಕದಲ್ಲಿ ಬರೆದ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ ತಾಳೆ ಹಾಕಿ. ಬರದಿದ್ದರೆ ತಪ್ಪು ನಿಮ್ಮದೇ ಇರುತ್ತದೆ ಅಂತ ಏನಿಲ್ಲ!

4 ಜಿಬಿ ಇದಕ್ಕೆಲ್ಲ ಧಾರಾಳ. ಪೈಥಾನ್ ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ ಪಾತ್‌ಗೆ (PATH, ವಿಂಡೋಸ್ ಪ್ರೋಗ್ರಾಮ್‌ಗಳನ್ನು ಹುಡುಕುವ ಜಾಗಗಳ ಪಟ್ಟಿ) ಸೇರಿಸಲಾ ಅಂತ ಒಂದು ಚಿಕ್ಕ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕೋದು ಮರೆಯಬೇಡಿ. ಮರೆತು ಒಂದು ದಿನ ಕಳೆದುಕೊಂಡವರು ಬಹಳ ಜನ. ಲ್ಯಾಪ್‌ಟಾಪಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಪೈಥಾನ್ 3.8 ಹಾಕಿ, ಅದಕ್ಕಿಂತ ಹೊಸದು ಅದರಲ್ಲಿ ಓಡೋದಿಲ್ಲ, ಕಲಿಯೋಕೆ ಅದು ಸಾಕು. ಜೊತೆಗೆ ಬರುವ ಐಡಲ್ ಅನ್ನುವ ಎಡಿಟರ್‌ನಲ್ಲೇ ಬರೆಯಿರಿ. ಕಪ್ಪು ಕಮಾಂಡ್ ಪ್ರಾಂಪ್ಟ್‌ನಲ್ಲಿ ಕನ್ನಡ ಚೌಕ ಚೌಕವಾಗಿ ಕಂಡರೆ ಅದು ಫಾಂಟಿನ ತೊಂದರೆ, ನಿಮ್ಮ ಪ್ರೋಗ್ರಾಮಿನದಲ್ಲ.

45 ಸಾವಿರ ಈಗ ಕಟ್ಟಬೇಡಿ. ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪೈಥಾನ್ ಪಾಠಗಳು ಪುಕ್ಕಟೆ ಇವೆ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದವರು ಮಾತ್ರ ಫೀಸು ಕಟ್ಟೋದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ದನಿಯ ಪಾಠಗಳೂ ಇವೆ. ಮೂರು ತಿಂಗಳು ಇವುಗಳಲ್ಲೇ ಕಲಿತು, ಉದ್ರಿ ಲೆಕ್ಕ ನಡೆಯುವ ಮಟ್ಟಕ್ಕೆ ತಂದು, ಆಮೇಲೂ ಎದುರು ಕೂತು ಹೇಳಿಕೊಡುವವರು ಬೇಕು ಅನ್ನಿಸಿದರೆ ಆಗ ಸೆಂಟರ್‌ಗೆ ಹೋಗಿ ಒಂದು ಕ್ಲಾಸಿನಲ್ಲಿ ಹಿಂದೆ ಕೂತು ನೋಡಿ. ಯಾರಿಗಾದರೂ ಎರರ್ ಬಂದಾಗ ಮೇಷ್ಟ್ರು ಏನು ಮಾಡುತ್ತಾರೆ ಅಂತ ಗಮನಿಸಿ. ಕೀಬೋರ್ಡ್ ಕಿತ್ತುಕೊಂಡು ತಾವೇ ಸರಿಮಾಡಿಕೊಟ್ಟರೆ ವಾಪಸ್ ಬನ್ನಿ. ಡಿಸ್ಕೌಂಟ್ ಬಗ್ಗೆ ಯೋಚಿಸಬೇಡಿ, ಮುಂದಿನ ತಿಂಗಳೂ ಇರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ, ರಿಪೇರಿ ಅಂಗಡಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್‌ಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯಾ ಅಂತ ತೆಗೆಸಿ ನೋಡಿಸಿ.